ಮಣ್ಣಾಟಕ್ಕೆ ಟಿಕೆಟ್ಟು

ಕಳೆದ ತಿಂಗಳು ಒಂದು ಭಾನುವಾರ ಎಂಟುನೂರು ರೂಪಾಯಿ ಕೊಟ್ಟು ಮಗಳನ್ನ ಮಣ್ಣಲ್ಲಿ ಆಡಿಸ್ಕೊಂಡು ಬಂದೆ. ಊರಲ್ಲಿರೋ ಅಪ್ಪನಿಗೆ ಫೋನಲ್ಲಿ ಹೇಳಿದಾಗ "ಎಷ್ಟು?" ಅಂತ ಎರಡು ಸಲ ಕೇಳಿದರು. ಬೆಂಗಳೂರಿಂದ ಒಂದೂವರೆ ಗಂಟೆ ದಾರಿ, ಕನಕಪುರ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಮಾವಿನ ತೋಟ. ಹೆಸರು ಬೇಡ. ಅವರೇನೂ ಮೋಸ ಮಾಡಿಲ್ಲ, ಹೇಳಿದ್ದನ್ನೆಲ್ಲ ನಡೆಸಿಕೊಟ್ಟರು. ಹತ್ತರಿಂದ ಹನ್ನೊಂದು ಮಣ್ಣಾಟ, ಆಮೇಲೆ ಅರ್ಧ ಗಂಟೆ ಎಲೆ ಆರಿಸೋದು, ಹತ್ತು ನಿಮಿಷ ಮರ ತಬ್ಬಿಕೊಳ್ಳೋದು, ಕೊನೆಗೆ ರಾಗಿಮುದ್ದೆ ಊಟ. ಮಣ್ಣನ್ನ ಜರಡಿ ಹಿಡಿದು, ಕಲ್ಲು ಮುಳ್ಳು ತೆಗೆದು, ಸಿಮೆಂಟಿನ ತೊಟ್ಟಿಯೊಳಗೆ ತುಂಬಿಸಿಟ್ಟಿದ್ದರು. ಮಕ್ಕಳಿಗೆಲ್ಲ ಏಪ್ರನ್ನು. ಮುಗಿದ ಮೇಲೆ ಕೈ ತೊಳೆಯೋಕೆ ಬಿಸಿನೀರು ಕೂಡ!

ಮಗಳಿಗೆ ಐದು ವರ್ಷ. ಹತ್ತು ನಿಮಿಷ ತೊಟ್ಟಿಯಲ್ಲಿ ಕೂತಿದ್ದಳು. ಆಮೇಲೆ ಎದ್ದು ಹಿಂದಕ್ಕೆ ಹೋದಳು. ಅಲ್ಲಿ ಜರಡಿಯಲ್ಲಿ ಉಳಿದ ಕಲ್ಲು, ಬೇರು, ಮಡಕೆ ಚೂರು ಎಲ್ಲ ಒಂದು ಗುಡ್ಡೆ ಬಿದ್ದಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕಲ್ಲು ಆರಿಸಿ ಸಾಲಾಗಿ ಜೋಡಿಸೋಕೆ ಶುರು ಮಾಡಿದಳು. ಕತ್ತಲ್ಲಿ ಸೀಟಿ ಹಾಕ್ಕೊಂಡಿದ್ದ ಹುಡುಗಿ ಬಂದು, ಬಹಳ ಪ್ರೀತಿಯಿಂದಲೇ, ಕೈ ಹಿಡಿದು ವಾಪಸ್ ತೊಟ್ಟಿಗೆ ಕರ್ಕೊಂಡು ಹೋದಳು. ಕಲ್ಲಿನ ಗುಡ್ಡೆ ಆಕ್ಟಿವಿಟಿ ಲಿಸ್ಟಲ್ಲಿ ಇರಲಿಲ್ಲ. ನಾನೂ "ಹೋಗು ಪುಟ್ಟಾ, ಅಲ್ಲಿ ಆಡು" ಅಂದೆ. ದುಡ್ಡು ಕೊಟ್ಟಿದ್ದು ತೊಟ್ಟಿಗೆ ತಾನೇ.

ಊಟದ ಚಪ್ಪರದಲ್ಲಿ ಒಂದು ಬೋರ್ಡು ತೂಗುಹಾಕಿದ್ದರು. ನಿಮ್ಮ ಮಗುವಿಗೆ 'ನೇಚರ್ ಡೆಫಿಸಿಟ್ ಡಿಸಾರ್ಡರ್' ಇದೆಯೇ ಅಂತ ದಪ್ಪಕ್ಷರದ ಪ್ರಶ್ನೆ, ಅದರ ಕೆಳಗೆ ಲಕ್ಷಣಗಳ ಪಟ್ಟಿ. ಬಿ12 ಕಮ್ಮಿ ಇದೆಯಾ ಅಂತ ಕ್ಲಿನಿಕ್ ಗೋಡೇಲಿ ಹಾಕಿರ್ತಾರಲ್ಲ, ಹಾಗೆ. ಆ ಮಾತು ಎಲ್ಲಿಂದ ಬಂತು ಅಂತ ನಂಗೆ ಗೊತ್ತಿತ್ತು, ಯಾಕಂದ್ರೆ ಆ ಪುಸ್ತಕ ನಮ್ಮನೇಲಿದೆ. ರಿಚರ್ಡ್ ಲೂವ್ 2005ರಲ್ಲಿ ಬರೆದ 'ಲಾಸ್ಟ್ ಚೈಲ್ಡ್ ಇನ್ ದ ವುಡ್ಸ್'. ಮಗಳು ಹುಟ್ಟೋ ಮುಂಚೆ ತಗೊಂಡು, ನಲವತ್ತು ಪುಟ ಓದಿ, ಒಂದು ಫೋಟೋ ಹಾಕಿ, ಶೆಲ್ಫಿಗೆ ಸೇರಿಸಿದ್ದೆ. ಈ ಸಲ ಪೂರ್ತಿ ಓದಿದೆ. ಓದಿ ಮುಗಿಸಿದ ಮೇಲೆ ಏನೋ ಸರಿಹೋಗಲಿಲ್ಲ ಅನ್ನಿಸಿ, ಊರಿಂದ ತಂದಿದ್ದ ಹಳೇ 'ತೊತ್ತೋಚಾನ್' ತೆಗೆದು ಅದನ್ನೂ ಓದಿದೆ. ಇಲ್ಲಿ ಬರೀತಿರೋದು ಈ ಎರಡು ಪುಸ್ತಕಗಳ ಬಗ್ಗೆ.

ಮೊದಲು ಲೂವ್. ಈತ ಅಮೆರಿಕದ ಸ್ಯಾನ್ ಡಿಯಾಗೋ ಪತ್ರಿಕೆಯೊಂದರಲ್ಲಿ ಅಂಕಣ ಬರೀತಿದ್ದ ಪತ್ರಕರ್ತ. ವಿಜ್ಞಾನಿಯಲ್ಲ, ಡಾಕ್ಟರೂ ಅಲ್ಲ. ಅಮೆರಿಕದ ಮಕ್ಕಳು ಯಾಕೆ ಮನೆಯಿಂದ ಹೊರಗೆ ಬರ್ತಿಲ್ಲ ಅಂತ ನೂರಾರು ಮಕ್ಕಳು, ಅಪ್ಪ ಅಮ್ಮಂದಿರ ಜೊತೆ ಮಾತಾಡಿ ಬರೆದ ಪುಸ್ತಕ ಇದು. 'ನೇಚರ್ ಡೆಫಿಸಿಟ್ ಡಿಸಾರ್ಡರ್' ಅನ್ನೋದು ವೈದ್ಯರು ಕೊಟ್ಟ ಹೆಸರಲ್ಲ, ತಾನು ಒಂದು ಪರಿಸ್ಥಿತಿಯನ್ನ ಹೇಳೋಕೆ ಬಳಸಿದ ಮಾತು ಅಂತ ಆತನೇ ಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳ್ತಾನೆ. ಹೇಳಿ ಏನು ಪ್ರಯೋಜನ? 'ಡಿಸಾರ್ಡರ್' ಅಂತ ಹೆಸರಿಟ್ಟ ಮೇಲೆ ಅದಕ್ಕೊಂದು ಗುಳಿಗೆ ಮಾರೋರು ಬಂದೇ ಬರ್ತಾರೆ. ಕನಕಪುರ ರಸ್ತೆವರೆಗೂ ಬಂದರು.

ಆದರೂ ಪುಸ್ತಕದ ಮೊದಲರ್ಧದಲ್ಲಿ ಕೆಲವು ಪುಟ ತುಂಬ ಚೆನ್ನಾಗಿವೆ. ಲೂವ್ ಹುಡುಗನಾಗಿದ್ದಾಗ ಮನೆ ಹತ್ತಿರದ ಕಾಡಿಗೆ ಬುಲ್ಡೋಜರ್ ಬರೋ ಸುದ್ದಿ ಸಿಕ್ಕಿ, ಸರ್ವೆಯವರು ನೆಟ್ಟಿದ್ದ ಗೂಟಗಳನ್ನ ಕದ್ದು ಕಿತ್ತು ಹಾಕ್ತಿದ್ದನಂತೆ. ಇನ್ನೊಂದು ಕಡೆ ಐದನೇ ಕ್ಲಾಸಿನ ಒಬ್ಬ ಹುಡುಗಿ ಬರ್ತಾಳೆ. ಅವಳಿಗೆ ಕಾಡಲ್ಲಿ ತೊರೆ ಪಕ್ಕ ಒಂದು ಸ್ವಂತ ಜಾಗ ಇತ್ತು. ಅಲ್ಲೊಂದು ಗುಂಡಿ ತೋಡಿಕೊಂಡಿದ್ದಳು. ಹೊದಿಕೆ ತಗೊಂಡು ಹೋಗಿ ಅದರೊಳಗೆ ಮಲಗಿ ಮರ, ಆಕಾಶ ನೋಡ್ತಿದ್ದಳು. ಒಂದು ದಿನ ಆ ಕಾಡು ಕಡಿದುಬಿಟ್ಟರು. ಲೂವ್ ಇದನ್ನ ನಿಸರ್ಗ ಕಳ್ಕೊಂಡ ಮಗುವಿನ ಕಥೆ ಅಂತ ಹೇಳ್ತಾನೆ. ನಂಗೆ ಕಂಡಿದ್ದು ಆ ಗುಂಡಿ. ಅದನ್ನ ಅವಳಿಗೆ ಯಾರೂ ತೋಡಿಕೊಟ್ಟಿರಲಿಲ್ಲ, ತೋಡು ಅಂತ ಹೇಳಿರಲೂ ಇಲ್ಲ. ಹನ್ನೊಂದು ಗಂಟೆಗೆ ಸೀಟಿ ಊದಿ ಎಬ್ಬಿಸೋರೂ ಇರಲಿಲ್ಲ.

ಇನ್ನೊಂದು ಅಧ್ಯಾಯದಲ್ಲಿ ಅಲ್ಲಿನ ಲೇಔಟುಗಳ ನಿಯಮಗಳ ಬಗ್ಗೆ ಬರೀತಾನೆ. ಮರದ ಮೇಲೆ ಅಟ್ಟ ಕಟ್ಟೋ ಹಾಗಿಲ್ಲ, ಬಯಲಲ್ಲಿ ಗುಡಿಸಲು ಹಾಕೋ ಹಾಗಿಲ್ಲ. ಯಾರಾದ್ರೂ ಬಿದ್ದು ಕೇಸು ಹಾಕಿದರೆ ಅನ್ನೋ ಭಯ ಒಂದು, ಅಪರಿಚಿತರು ಮಕ್ಕಳನ್ನ ಎತ್ಕೊಂಡು ಹೋಗ್ತಾರೆ ಅನ್ನೋ ಭಯ ಇನ್ನೊಂದು. ಓದ್ತಾ ಓದ್ತಾ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಸರ್ಕ್ಯುಲರ್ ಓದಿದ ಹಾಗೇ ಆಯ್ತು. ಅದಕ್ಕೆ ಆಮೇಲೆ ಬರ್ತೀನಿ, ಅದರಲ್ಲಿ ನನ್ನದೂ ಒಂದು ಸಹಿ ಇದೆ.

ಇಷ್ಟೆಲ್ಲ ಕಂಡೂ ಲೂವ್ ದಾರಿ ತಪ್ಪೋದು ಪರಿಹಾರಕ್ಕೆ ಬಂದಾಗ. ಹಸಿರು ನೋಡಿದರೆ ಗಮನ ನಿಲ್ಲುತ್ತೆ, ಒತ್ತಡ ಇಳಿಯುತ್ತೆ, ಸೃಜನಶೀಲತೆ ಬೆಳೆಯುತ್ತೆ ಅಂತ ಒಂದಾದ ಮೇಲೊಂದು ಅಧ್ಯಯನ ತಂದು ಪೇರಿಸ್ತಾ ಹೋಗ್ತಾನೆ. ಇದ್ಯಾವುದೂ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಆಟಕ್ಕೆ ಲಾಭದ ಲೆಕ್ಕ ತೋರಿಸಬೇಕಾಗಿ ಬಂದ ಕ್ಷಣದಲ್ಲೇ ಅದು ಅಪ್ಪ ಅಮ್ಮಂದಿರ ಕೆಲಸವಾಗಿ ಬಿಡುತ್ತೆ. ಸ್ವಿಮ್ಮಿಂಗ್, ಅಬ್ಯಾಕಸ್, ಕೀಬೋರ್ಡು, ಅದರ ಪಕ್ಕಕ್ಕೆ ನಿಸರ್ಗ. ವಾರಕ್ಕೆ ಇಷ್ಟು ಡೋಸು. ಗೂಟ ಕಿತ್ತ ಹುಡುಗ ಗಮನಶಕ್ತಿ ಬೆಳೆಸ್ಕೊಳ್ಳೋಕೆ ಕಿತ್ತಿರಲಿಲ್ಲ ಅನ್ನೋದು ಆ ಹುಡುಗನೇ ಬೆಳೆದು ಬರೆದ ಪುಸ್ತಕದಲ್ಲಿ ಮರೆತು ಹೋಗಿದೆ. ಕೊನೇ ನೂರು ಪುಟವಂತೂ ಪ್ರಾಜೆಕ್ಟ್ ರಿಪೋರ್ಟು. ನಾನು ದಿನಾ ಅಂಥದ್ದನ್ನೇ ಓದೋನು, ಅದಕ್ಕೇ ಬೇಗ ಗುರುತು ಹಿಡಿದೆ.

ಇಷ್ಟು ಹೇಳಿದ ತಕ್ಷಣ ನನ್ನಂಥೋರು ಏನು ಮಾಡ್ತೀವಿ? "ನಾವು ಹಳ್ಳೀಲಿ ಹೇಗಿದ್ವಿ ಗೊತ್ತಾ" ಅಂತ ಶುರು ಮಾಡ್ತೀವಿ. ಬ್ಲಾಗುಗಳಲ್ಲಿ ಇಂಥ ಲೇಖನಕ್ಕೆ ಬರವೇ ಇಲ್ಲ. ನಾನೇ ಒಂದು ಬರೆದಿದ್ದೆ, 'ಮರಕೋತಿ' ಅಂತ. ಬಹಳ ಜನ ಮೆಚ್ಚಿದರು. ಈಗ ಓದಿದರೆ ಮುಜುಗರ ಆಗುತ್ತೆ.

ಮರಕೋತಿ ಗೊತ್ತಿಲ್ಲದವರಿಗೆ: ಮರದ ಬುಡದಲ್ಲಿ ಒಂದು ವೃತ್ತ ಬರೆದು ಅದರಲ್ಲಿ ಒಂದು ಕೋಲು. ಒಬ್ಬ ಆ ಕೋಲನ್ನ ಕಾಲಡಿಯಿಂದ ತೂರಿಸಿ ದೂರಕ್ಕೆ ಎಸೀತಾನೆ. ಕಳ್ಳ ಆದವನು ಓಡಿ ಹೋಗಿ ಕೋಲು ತಂದು ವೃತ್ತದೊಳಗೆ ಇಡೋ ಅಷ್ಟರಲ್ಲಿ ಉಳಿದವರೆಲ್ಲ ಮರ ಹತ್ತಿರಬೇಕು. ಕಳ್ಳ ಹತ್ತಿ ಬಂದು ಮುಟ್ಟೋದರೊಳಗೆ ಮೇಲಿಂದ ಧುಮುಕಿ ಕೋಲು ಮುಟ್ಟಿದರೆ ಬಚಾವು. ನಮ್ಮೂರು ತಿಪಟೂರು ಕಡೇದು, ತೆಂಗಿನ ಸೀಮೆ. ಮರಕೋತಿಗೆ ತೆಂಗಿನ ಮರ ಆಗಲ್ಲ. ಕೆರೆ ಏರಿ ಮೇಲಿನ ಹೊಂಗೆ, ಶಾಲೆ ಹಿಂದಿನ ಹುಣಸೆ, ಇವೆರಡೇ. ಯಾವ ಕೊಂಬೆ ತಡೆಯುತ್ತೆ, ಯಾವುದು ಲಟಕ್ ಅನ್ನುತ್ತೆ ಅನ್ನೋದು ಎಲ್ಲರಿಗೂ ಬಾಯಿಪಾಠ. ಬೇಸಿಗೇಲಿ ಉದುರಿದ ಅಡಿಕೆ ಹಾಳೆ ಮೇಲೆ ಒಬ್ಬ ಕೂತರೆ ಇನ್ನೊಬ್ಬ ಎಳೆಯೋದು, ತೆಂಗಿನ ಗರೀಲಿ ವಾಚು, ಪೀಪಿ, ಗಿರಗಿಟ್ಲೆ. ಮೊದಲ ಮಳೆ ಬಿದ್ದ ಮಾರನೇ ದಿನ ಕೆಂಪು ಮಖಮಲ್ಲಿನಂಥ ಹುಳ ಬೆಂಕಿಪೊಟ್ಟಣದೊಳಗೆ.

ಆ ಲೇಖನದಲ್ಲಿ ಇಷ್ಟೇ ಇತ್ತು. ಇರದೇ ಇದ್ದಿದ್ದು ಏನು ಅಂದ್ರೆ, ಆ ಹೊಂಗೆ ಮರದ ಮೇಲೆ ನನ್ನ ಅಕ್ಕ ಒಂದು ದಿನವೂ ಇರಲಿಲ್ಲ. ಅವಳು ಕೆಳಗೆ, ಚಿಕ್ಕಪ್ಪನ ಮಗುವನ್ನ ಸೊಂಟದ ಮೇಲೆ ಇಟ್ಕೊಂಡು ನಿಂತಿರ್ತಿದ್ದಳು. ಅವಳಿಗಾಗ ಒಂಬತ್ತು ವರ್ಷ. ಮೊನ್ನೆ ಫೋನಲ್ಲಿ "ನೀನು ಮರ ಹತ್ತಿದ್ದೇ ಇಲ್ವಲ್ಲ ಯಾಕೆ" ಅಂತ ಕೇಳಿದೆ. "ಹತ್ತಿದ್ದೆ ಕಣೋ, ನೀವೆಲ್ಲ ಮನೆಗೆ ಹೋದ ಮೇಲೆ" ಅಂದಳು. ಇಪ್ಪತ್ತೈದು ವರ್ಷ ಆದ ಮೇಲೆ ನಂಗೆ ಈ ವಿಷಯ ಗೊತ್ತಾಗಿದ್ದು.

ಇರದೇ ಇದ್ದಿದ್ದು ಇನ್ನೂ ಒಂದಿತ್ತು. ಆರನೇ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದ ಹುಡುಗ ಕೆರೇಲಿ ಹೋದ. ಕೆರೆ ಆಳ ಇರಲಿಲ್ಲ. ಇಟ್ಟಿಗೆಗೆ ಅಂತ ಮಣ್ಣು ತೆಗೆದ ಗುಂಡಿ ಇತ್ತು ಒಳಗೆ, ಮಳೆ ನೀರು ತುಂಬಿದ ಮೇಲೆ ಮೇಲಿಂದ ಎಲ್ಲ ಒಂದೇ ಥರ ಕಾಣ್ತಿತ್ತು. ದನ ಮೈ ತೊಳೆಯೋಕೆ ಅಂತ ಇಳಿದಿದ್ದ. ಆಟಕ್ಕೂ ಅಲ್ಲ, ಕೆಲಸಕ್ಕೆ. ನಾವೆಲ್ಲ 'ಪ್ರಕೃತಿಯ ಮಡಿಲು' ಅಂತ ಬರೆಯೋ ಬಾಲ್ಯದಲ್ಲಿ ಅರ್ಧ ದಿನ ದನದ ಹಿಂದೆಯೇ ಇರ್ತಿದ್ವಿ. ಅದನ್ನ ಆಟ ಅಂತ ನೆನಪಿಟ್ಟುಕೊಂಡಿದ್ದು ಬೆಂಗಳೂರಿಗೆ ಬಂದ ಮೇಲೆ.

ಹಾಗಾದ್ರೆ ಆ ಬಾಲ್ಯದಲ್ಲಿ ಉಳಿಸ್ಕೊಳ್ಳೋ ಅಂಥದ್ದು ಏನೂ ಇರಲಿಲ್ವಾ? ಇತ್ತು. ಅದು ಹಸಿರು ಅಂತ ನಂಗೆ ಅನ್ನಿಸಲ್ಲ. ಬೇಸಿಗೇಲಿ ನಮ್ಮೂರಲ್ಲಿ ಅಂಥ ಹಸಿರೇನೂ ಇರಲಿಲ್ಲ. ಇದ್ದಿದ್ದು ಎರಡು. ದೊಡ್ಡವರು ಕಣ್ಣಳತೇಲಿ ಇರ್ತಿದ್ದರು, ಆದರೆ ನಮ್ಮನ್ನ ನೋಡೋದು ಅವರ ಕೆಲಸ ಆಗಿರಲಿಲ್ಲ. ಕಳೆ ಕೀಳೋರು, ಕಾಯಿ ಸುಲಿಯೋರು, ಕಿರುಚಿದರೆ ಓಡಿ ಬರೋ ಅಷ್ಟು ದೂರ. ಇನ್ನೊಂದು, ಯಾರಿಗೂ ಸೇರದ ಸಾಮಾನು ಸುತ್ತ ಬಿದ್ದಿರ್ತಿತ್ತು. ಗರಿ, ಹಾಳೆ, ಮಟ್ಟೆ, ಕಲ್ಲು, ಒಡೆದ ಹೆಂಚು, ಹಗ್ಗದ ತುಂಡು. ಮುರಿದರೆ ಬೈಯೋರಿಲ್ಲ, ತಗೊಂಡರೆ ಕೇಳೋರಿಲ್ಲ.

ಈ ಎರಡನೇದಕ್ಕೆ ಒಂದು ಸಿದ್ಧಾಂತವೇ ಇದೆ ಅಂತ ಗೊತ್ತಾಗಿದ್ದು ಲೂವ್ ಪುಸ್ತಕದ ನೆಪದಲ್ಲಿ ಹುಡುಕೋಕೆ ಹೋದಾಗ. ಸೈಮನ್ ನಿಕಲ್ಸನ್ ಅನ್ನೋ ಕಲಾವಿದ 1971ರಲ್ಲಿ ಬರೆದ ಒಂದು ಲೇಖನ, 'ಲೂಸ್ ಪಾರ್ಟ್ಸ್' ಬಗ್ಗೆ. ಒಂದು ಜಾಗದಲ್ಲಿ ಎತ್ತಿಡಬಹುದಾದ, ಬದಲಾಯಿಸಬಹುದಾದ ವಸ್ತು ಎಷ್ಟಿದೆಯೋ ಅಷ್ಟು ಅಲ್ಲಿ ಹೊಸದು ಹುಟ್ಟುತ್ತೆ ಅನ್ನೋದು ಅದರ ತಿರುಳು. ಜಾರುಬಂಡೆ ಅಂದ್ರೆ ಒಂದೇ ಇನ್‌ಪುಟ್, ಒಂದೇ ಔಟ್‌ಪುಟ್ ಇರೋ ಫಂಕ್ಷನ್ನು. ಮೇಲೆ ಹತ್ತಿದ, ಕೆಳಗೆ ಬಂದ. ಸಾವಿರ ಸಲ ಕರೆದರೂ ಅದೇ ಉತ್ತರ. ಒಂದು ಕೋಲು, ಒಂದು ಹಗ್ಗ, ನಾಲ್ಕು ಕಲ್ಲು ಕೊಟ್ಟು ನೋಡಿ, ಟೆಸ್ಟ್ ಕೇಸ್ ಬರೆಯೋಕೇ ಆಗಲ್ಲ. ನಿಕಲ್ಸನ್‌ಗೂ ಮುಂಚೆ ಡೆನ್ಮಾರ್ಕಿನ ಸೊರೆನ್ಸನ್ ಅನ್ನೋ ಉದ್ಯಾನ ವಿನ್ಯಾಸಕಾರ ತಾನು ಕಟ್ಟಿದ ಅಚ್ಚುಕಟ್ಟಾದ ಆಟದ ಮೈದಾನ ಬಿಟ್ಟು ಮಕ್ಕಳು ಮನೆ ಕಟ್ಟೋ ಜಾಗದಲ್ಲಿ ಆಡೋದನ್ನ ಗಮನಿಸಿದ್ದ. 1943ರಲ್ಲಿ, ಜರ್ಮನ್ನರು ಕೋಪನ್‌ಹೇಗನ್ ಹಿಡಿದುಕೊಂಡಿದ್ದ ಕಾಲದಲ್ಲೇ, ಅಲ್ಲಿನ ಎಮ್‌ಡ್ರುಪ್‌ನಲ್ಲಿ ಮರದ ತುಂಡು, ಇಟ್ಟಿಗೆ, ಹಳೇ ಸಾಮಾನುಗಳ ಒಂದು ಗುಜರಿ ಆಟದ ಬಯಲು ಶುರುವಾಯ್ತು. ಯುದ್ಧದ ನಂತರ ಅದನ್ನ ನೋಡಿ ಬಂದ ಲೇಡಿ ಆ್ಯಲನ್ ಲಂಡನ್ನಿನಲ್ಲಿ ಬಾಂಬು ಬಿದ್ದು ಪಾಳಾದ ಜಾಗಗಳಲ್ಲಿ ಅಂಥದ್ದೇ ಮಾಡಿಸಿದಳು. ಅಲ್ಲಿ ಕಾಡೂ ಇರಲಿಲ್ಲ, ತೊರೆಯೂ ಇರಲಿಲ್ಲ. ಲೂವ್ ಕಾಡಿಗೆ ಕೊಡೋ ಅಂಕದಲ್ಲಿ ಅರ್ಧದಷ್ಟಾದರೂ ಆ ಇಟ್ಟಿಗೆ ರಾಶಿಗೂ ಸಲ್ಲಬೇಕಿತ್ತು ಅನ್ನೋದು ನನ್ನ ತಕರಾರು. ತೋಟದ ಜರಡಿಯವರು ಎಂಟುನೂರು ತಗೊಂಡು ತೆಗೆದು ಎಸೆದಿದ್ದು ಸರಿಯಾಗಿ ಇದನ್ನೇ.

ಈಗ ತೊತ್ತೋಚಾನ್. ತೆತ್ಸುಕೋ ಕುರೊಯಾನಗಿ 1981ರಲ್ಲಿ ಜಪಾನಿನಲ್ಲಿ ಪ್ರಕಟಿಸಿದ ತನ್ನ ಬಾಲ್ಯದ ಕಥೆ. ವಿ. ಗಾಯತ್ರಿ ಅವರ ಅನುವಾದದಲ್ಲಿ ಕನ್ನಡದಲ್ಲೂ ಸಿಗುತ್ತೆ. ಟಿ.ಸಿ.ಎಚ್. ಮಾಡಿದ ನಮ್ಮ ಸೋದರತ್ತೆ ಮನೇಲಿ ಇದ್ದ ಪ್ರತಿ ಅದು. ಹಳೇ ರೈಲು ಬೋಗಿಗಳೇ ಕ್ಲಾಸ್‌ರೂಮು ಆಗಿದ್ದ ತೊಮೊಯೆ ಶಾಲೆ, ಅದರ ಮುಖ್ಯೋಪಾಧ್ಯಾಯ ಕೊಬಾಯಾಶಿ, ಇವು ಓದಿದ ಎಲ್ಲರಿಗೂ ನೆನಪಿರುತ್ತೆ. ರೈಲು ಬೋಗಿ ಚಂದ ಇದೆ ನಿಜ, ಆದರೆ ಈ ಸಲ ನಾನು ನಿಂತು ಓದಿದ್ದು ಬೇರೆ ಕಡೆ.

ಒಂದು, ಕಕ್ಕಸು ಗುಂಡಿ. ತೊತ್ತೋಚಾನ್ ತನ್ನ ಪ್ರೀತಿಯ ಪರ್ಸನ್ನ ಕಕ್ಕಸಿನೊಳಗೆ ಬೀಳಿಸಿಕೊಳ್ತಾಳೆ. ಶಾಲೆ ಹಿಂದೆ ಹೋಗಿ, ಜವಾನನ ಕೊಠಡಿಯಿಂದ ಉದ್ದ ಹಿಡಿಯ ಸೌಟು ತಂದು, ಗುಂಡಿಯ ಮುಚ್ಚಳ ತೆಗೆದು, ಒಳಗಿದ್ದಿದ್ದನ್ನೆಲ್ಲ ಹೊರಗೆ ಮೊಗೆದು ಗುಡ್ಡೆ ಹಾಕ್ತಾಳೆ. ಮುಖ್ಯೋಪಾಧ್ಯಾಯರು ಆ ಕಡೆ ಬರ್ತಾರೆ, ಏನು ಮಾಡ್ತಿದೀಯ ಅಂತ ಕೇಳ್ತಾರೆ, ಹೋಗ್ತಾರೆ. ಮತ್ತೆ ಬಂದಾಗ ಗುಡ್ಡೆ ದೊಡ್ಡದಾಗಿರುತ್ತೆ. ಬೈಯಲ್ಲ, ಸಹಾಯವೂ ಮಾಡಲ್ಲ. ಮುಗಿದ ಮೇಲೆ ಎಲ್ಲ ವಾಪಸ್ ಹಾಕ್ತೀಯ ತಾನೇ ಅನ್ನೋ ಅರ್ಥದ ಒಂದು ಮಾತು, ಅಷ್ಟೇ. ಪರ್ಸು ಸಿಗೋದೇ ಇಲ್ಲ! ಅವಳು ಎಲ್ಲ ವಾಪಸ್ ಹಾಕ್ತಾಳೆ, ನೆಮ್ಮದಿಯಾಗಿ. ಈ ಪ್ರಸಂಗದಿಂದ ಯಾವ ಶಕ್ತಿ ಬೆಳೆಯಿತು, ಯಾವ ಕೊರತೆ ನೀಗಿತು ಅಂತ ಲೇಖಕಿ ಪಟ್ಟಿ ಹಾಕಲ್ಲ. ಅದಕ್ಕೇ ಲೂವ್ ಮುನ್ನೂರು ಪುಟದಲ್ಲಿ ಹೇಳೋಕಾಗದ್ದು ಇಲ್ಲಿ ನಾಲ್ಕು ಪುಟದಲ್ಲಿ ಬರುತ್ತೆ. ಆ ಮನುಷ್ಯ ಎರಡು ಸಲ ಬಂದು ನೋಡಿದ ಅನ್ನೋದನ್ನ ಮರೀಬೇಡಿ. ಬಿಟ್ಟು ಹೋಗಿರಲಿಲ್ಲ. ನಮ್ಮೂರಲ್ಲಿ ಕಾಯಿ ಸುಲೀತಿದ್ದವರ ಕೆಲಸವನ್ನ ಆತ ಯೋಚನೆ ಮಾಡಿ, ಬೇಕಂತಲೇ ಮಾಡ್ತಿದ್ದ. ನಮ್ಮೂರವರು ಮಾಡ್ತಿದ್ದಿದ್ದು ಬೇರೆ ಕೆಲಸ ಇತ್ತು ಅಂತ. ಎರಡೂ ಒಂದೇ ಅಂದ್ಕೊಂಡು ಹಾಡಿ ಹೊಗಳಿದ್ದೇ ನನ್ನ ಹಳೇ ಲೇಖನದ ತಪ್ಪು.

ಇನ್ನೊಂದು, ಮರ. ತೊಮೊಯೆಯ ಪ್ರತಿ ಮಗುವಿಗೂ ಶಾಲೆ ಅಂಗಳದಲ್ಲಿ ತನ್ನದು ಅಂತ ಒಂದು ಮರ ಇತ್ತು. ತೊತ್ತೋಚಾನ್ ತನ್ನ ಮರಕ್ಕೆ ಯಾಸುಆಕಿಯನ್ನ ಕರೀತಾಳೆ. ಆ ಹುಡುಗನಿಗೆ ಪೋಲಿಯೋ, ಕೈಕಾಲು ಸ್ವಾಧೀನ ಇಲ್ಲ, ಯಾವ ಮರವೂ ಅವನದಾಗಿರಲಿಲ್ಲ. ಬೇಸಿಗೆ ರಜೇಲಿ ಇಬ್ಬರೂ ಮನೇಲಿ ಸುಳ್ಳು ಹೇಳಿ ಬರ್ತಾರೆ. ಮೊದಲು ಒಂದು ಏಣಿ ತರ್ತಾಳೆ, ಆಗಲ್ಲ. ಆಮೇಲೆ ನಾಲ್ಕು ಕಾಲಿನ ಏಣಿ. ಬೆವರು ಸುರಿಸ್ಕೊಂಡು, ತಳ್ಳಿ, ಎಳೆದು, ಕೊನೆಗೂ ಕವಲಿನ ಮೇಲೆ ಅವನನ್ನ ಕೂರಿಸ್ತಾಳೆ. ಯಾರಾದರೂ ದೊಡ್ಡವರು ನೋಡಿದ್ದರೆ ಕಿರುಚಿರೋರು ಅಂತ ಲೇಖಕಿಗೇ ಗೊತ್ತು. ಬಿದ್ದಿದ್ದರೆ? ಪುಸ್ತಕ ಆ ಪ್ರಶ್ನೇನ ಮುಚ್ಚಿಡಲ್ಲ, ಉತ್ತರಾನೂ ಕೊಡಲ್ಲ. ಮುಂದೆ ಆ ಹುಡುಗ ತೀರಿಕೊಳ್ತಾನೆ, ಮರಕ್ಕೆ ಸಂಬಂಧ ಇಲ್ಲದ ಕಾರಣಕ್ಕೆ. ಅವನ ಆಯಸ್ಸಿನಲ್ಲಿ ಮರ ಹತ್ತಿ ಕೂತ ಒಂದು ದಿನ ಇತ್ತು. ಕೆಳಗೆ ನಿಂತಿದ್ದ ಅಕ್ಕನ ನೆನಪು ಬಂದಿದ್ದು, ಅವಳಿಗೆ ಫೋನ್ ಮಾಡಿದ್ದು ಈ ಅಧ್ಯಾಯ ಓದಿದ ರಾತ್ರಿ.

ತೊತ್ತೋಚಾನ್‌ನಲ್ಲೂ ಕೊರತೆ ಇದೆ. ಎಲ್ಲವೂ ಒಬ್ಬ ಒಳ್ಳೇ ಮನುಷ್ಯನ ಮೇಲೆ ನಿಂತಿದೆ. ಐವತ್ತರ ಆಸುಪಾಸು ಮಕ್ಕಳ ಶಾಲೆ, ಹುಡುಗಿಯ ಅಪ್ಪ ಹೆಸರಾಂತ ಪಿಟೀಲು ವಾದಕ. ಅನುಕೂಲಸ್ಥರ ಮನೆ ಮಗು. 1945ರಲ್ಲಿ ವಿಮಾನ ದಾಳಿಗೆ ಶಾಲೆ ಸುಟ್ಟು ಹೋಯ್ತು. ಮತ್ತೆ ಕಟ್ಟೋ ಆಸೆ ಇದ್ದ ಕೊಬಾಯಾಶಿ 1963ರಲ್ಲಿ ತೀರಿಕೊಂಡರು, ಆ ಶಾಲೆ ಮೊದಲಿನ ಹಾಗೆ ಮತ್ತೆ ಏಳಲೇ ಇಲ್ಲ. ಸರಕಾರಿ ಶಾಲೇಲಿ ಒಂದೇ ಕೋಣೇಲಿ ಮೂರು ಕ್ಲಾಸು ನೋಡ್ಕೊಳ್ಳೋ ಮೇಷ್ಟ್ರಿಗೆ ಈ ಪುಸ್ತಕ ಕೊಟ್ಟು "ಹೀಗಿರಿ" ಅಂದರೆ ಅವರು ನಗ್ತಾರೆ. ನಮ್ಮತ್ತೆ ಕೂಡ ನಗ್ತಿದ್ದರು, ಆದರೂ ಮೂರು ಸಲ ಓದಿದ್ದರು. ಪೋಷಕರಿಗೆ ಮಾತ್ರ ಒಂದು ವಿಷಯ ಅದರಿಂದ ನೇರ ಎತ್ಕೋಬಹುದು. ಕೊಬಾಯಾಶಿ ಮಕ್ಕಳನ್ನ ಅತ್ಯಂತ ಹಳೇ ಬಟ್ಟೇಲಿ ಶಾಲೆಗೆ ಕಳಿಸಿ ಅಂತ ಹೇಳ್ತಿದ್ದರು. ಹರಿದರೆ, ಕೊಳೆಯಾದರೆ ಮಗು ಹೆದರಬಾರದಲ್ಲ. ಏಪ್ರನ್ನಿಗಿಂತ ಅಗ್ಗ.

ಅಪಾರ್ಟ್‌ಮೆಂಟಿನ ಸಹಿ ವಿಷಯಕ್ಕೆ ಬರ್ತೀನಿ ಅಂದಿದ್ದೆ. ನಮ್ಮ ಕಾಂಪೌಂಡಿನಲ್ಲೂ ಒಂದು ಹೊಂಗೆ ಮರ ಇದೆ. ಹೋದ ವರ್ಷ ಮೂರನೇ ಮಹಡಿಯ ಹುಡುಗ ಅದರಿಂದ ಬಿದ್ದು ಮಣಿಕಟ್ಟು ಮುರ್ಕೊಂಡ. ಮರ ಹತ್ತೋದನ್ನ ನಿಷೇಧಿಸೋಣ, ಕೆಳಗಿನ ಕೊಂಬೆ ಕಡಿಸೋಣ ಅಂತ ಗ್ರೂಪಲ್ಲಿ ಬಂತು. ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಕೂತು ನಾನು ಹೆಬ್ಬೆಟ್ಟು ಒತ್ತಿದೆ. ಎರಡು ಸೆಕೆಂಡಿನ ಕೆಲಸ. ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ ಅನ್ನೋ ಸಂಶೋಧಕಿ ಮಕ್ಕಳು ತಾವಾಗೇ ಹುಡ್ಕೊಂಡು ಹೋಗೋ ಅಪಾಯದ ಆಟಗಳನ್ನ 2007ರಲ್ಲಿ ಆರು ಬಗೆಯಾಗಿ ವಿಂಗಡಿಸಿದ್ದರು: ಎತ್ತರ, ವೇಗ, ಹರಿತದ ಸಾಮಾನು, ನೀರು ಬೆಂಕಿಯಂಥವು, ಗುದ್ದಾಟ, ಒಂಟಿಯಾಗಿ ಕಣ್ಮರೆಯಾಗೋದು. ಮರಕೋತಿ ಒಂದರಲ್ಲೇ ಮೂರು ಸಿಗುತ್ತೆ. ನಮ್ಮ ಸರ್ಕ್ಯುಲರ್ ಇಟ್ಕೊಂಡು ಟಿಕ್ ಮಾಡ್ತಾ ಹೋದೆ, ಆರಕ್ಕೆ ಆರೂ ನಿಷೇಧ. ಮಣಿಕಟ್ಟು ಆರು ವಾರದಲ್ಲಿ ಸರಿಹೋಯ್ತು. ಕೊಂಬೆ ಈಗ ಇಲ್ಲ.

ಮಳೆಗಾಲಕ್ಕೆ ಮುಂಚೆ ಮಾಲಿ ಎಲ್ಲ ಗಿಡಮರ ಸವರ್ತಾರೆ, ಮಾರನೇ ದಿನ ಟ್ರ್ಯಾಕ್ಟರ್ ಬಂದು ಕೊಂಬೆ ರೆಂಬೆ ತುಂಬ್ಕೊಂಡು ಹೋಗುತ್ತೆ. ಈ ಸಲ ಗ್ರೂಪಲ್ಲಿ ನಾನೊಂದು ಸಂದೇಶ ಹಾಕಿದೆ: ಹೊಂಗೆ ಮರದ ಪಕ್ಕದ ಮೂಲೇಲಿ ಆ ರಾಶಿ ಎರಡು ವಾರ ಹಾಗೇ ಇರಲಿ, ಜೊತೆಗೆ ಪೈಪ್‌ಲೈನ್ ಕೆಲಸದಲ್ಲಿ ಉಳಿದ ಇಟ್ಟಿಗೆಯನ್ನೂ ಅಲ್ಲೇ ಬಿಡೋಣ, ಸಂಜೆ ಐದರಿಂದ ಆರೂವರೆ ನಾನು ಅಥವಾ ನನ್ನ ಹೆಂಡತಿ ಲ್ಯಾಪ್‌ಟಾಪ್ ಇಟ್ಕೊಂಡು ಪಕ್ಕದ ಬೆಂಚಲ್ಲಿ ಕೂತಿರ್ತೀವಿ. ಮೂರು ಹೆಬ್ಬೆಟ್ಟು ಬಂತು. ಆಮೇಲೆ ಮೂರನೇ ಮಹಡಿಯ ಆ ಹುಡುಗನ ತಾಯಿ ಕೇಳಿದರು, "ರಾಶಿಯೊಳಗೆ ಹಾವು ಸೇರ್ಕೊಂಡ್ರೆ?"

ನ್ಯಾಯವಾದ ಪ್ರಶ್ನೆ. ಮಾಲಿಯನ್ನ ಕೇಳಿದೆ. ದಿನಾ ಬೆಳಿಗ್ಗೆ ಕೋಲಲ್ಲಿ ಒಂದು ಸಲ ಕೆದಕಿ ತಿರುವಿ ಹಾಕ್ತೀನಿ, ಕತ್ತಲಾದ ಮೇಲೆ ಮಕ್ಕಳನ್ನ ಬಿಡಬೇಡಿ ಅಂದರು. ಅದನ್ನೇ ಗ್ರೂಪಲ್ಲಿ ಹಾಕಿದೀನಿ. ಅವರು ಓದಿದಾರೆ, ನೀಲಿ ಗೆರೆ ಬಂದಿದೆ. ಟ್ರ್ಯಾಕ್ಟರ್ ಶನಿವಾರ ಬರುತ್ತೆ.